ಅಮ್ಮನ ಬೆನ್ನು

ಅಮ್ಮನ ಸೊಂಟದ ನಾಲ್ಕನೇ ಬೆನ್ನುಮಣಿ ಐದನೆಯದರ ಮೇಲೆ ಮುಂದಕ್ಕೆ ಜಾರಿದೆ. ಸ್ಪಾಂಡಿಲೊಲಿಸ್ಥೆಸಿಸ್, ಗ್ರೇಡ್ 1. ಅಂದರೆ ಜಾರಿದ್ದು ಶೇ. 25ರೊಳಗೆ. ಡಿಸ್ಕ್ ಜಾರುವುದೇ ಬೇರೆ, ಇದೇ ಬೇರೆ. ತರಕಾರಿಗೆ ಹೊರಟರೆ ಸ್ವಲ್ಪ ದೂರಕ್ಕೇ ಕಾಲು ಜೋಮು ಹಿಡಿಯುತ್ತದೆ. ಯಾರದೋ ಕಾಂಪೌಂಡಿನ ಮೇಲೆ ಮೊಣಕೈ ಊರಿ, ಮುಂದಕ್ಕೆ ಬಾಗಿ ನಿಂತರೆ ಆರಾಮ. ಬಾಗಿದಾಗ ನರದ ದಾರಿ ತುಸು ಅಗಲವಾಗುತ್ತದೆ.

"ಆಪರೇಷನ್ ಮಾಡಿಸಿಬಿಡಿ" ಅನ್ನುವವರೂ "ಬೆನ್ನು ಮುಟ್ಟಿಸಲೇಬೇಡಿ" ಅನ್ನುವವರೂ ನೆಂಟರಲ್ಲೇ ಇದ್ದಾರೆ. ಸ್ಕ್ರೂ, ರಾಡು ಹಾಕಿ ಎರಡು ಮಣಿ ಬೆಸೆಯುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಮೊದಲು ಹೊಟ್ಟೆ, ಬೆನ್ನಿನ ಸ್ನಾಯು ಗಟ್ಟಿಮಾಡುವ ಫಿಸಿಯೋಥೆರಪಿಗೆ ಕೆಲವು ತಿಂಗಳು ಕೊಡೋಣ ಅಂತ ನನ್ನ ಹಟ. ಪಾದದ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ದಿನವೂ ಕಾಯುವುದಿಲ್ಲ.