ರಾಗಿಯ ಜೊತೆ ನೂರು ಕಿಲೋಮೀಟರು

ಶುಕ್ರವಾರ ಸಂಜೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ 'ಈ ವೀಕೆಂಡ್ ಎಲ್ಲಿಗೆ?' ಅನ್ನೋ ಪ್ರಶ್ನೆ ಬರುತ್ತದಲ್ಲ, ನಾಯಿ ಸಾಕಿದವರಿಗೆ ಅದು ಸ್ವಲ್ಪ ಬೇರೆ ಥರ ಕೇಳಿಸುತ್ತದೆ. ಎಲ್ಲಿಗೆ ಹೋಗೋಣ ಅನ್ನುವುದಕ್ಕಿಂತ ಮೊದಲು, ನಮ್ಮನ್ನು ಎಲ್ಲಿ ಒಳಗೆ ಬಿಡುತ್ತಾರೆ ಅನ್ನೋದು ಇತ್ಯರ್ಥ ಆಗಬೇಕು.

ಕಾಡು ಮೊದಲೇ ಪಟ್ಟಿಯಿಂದ ಹೊರಗೆ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಹೀಗೆ ರಾಷ್ಟ್ರೀಯ ಉದ್ಯಾನ ಅಂತ ಬೋರ್ಡು ಇರುವ ಕಡೆ ಸಾಕುನಾಯಿಗೆ ಪ್ರವೇಶವಿಲ್ಲ. 'ನಮ್ಮ ನಾಯಿ ಯಾರಿಗೂ ಏನೂ ಮಾಡಲ್ಲ' ಅಂತ ಮುಖ ಸಿಂಡರಿಸುವ ಸ್ನೇಹಿತರಿದ್ದಾರೆ. ಆದರೆ ಕಾರಣ ಗಟ್ಟಿಯಾಗಿದೆ. ನಾಯಿಗಳಲ್ಲಿ ಕಾಣಿಸುವ ಡಿಸ್ಟೆಂಪರ್ ವೈರಸ್ ಕಾಡುಪ್ರಾಣಿಗಳಿಗೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ವೈರಸ್. ನಮ್ಮ ಸೆಲ್ಫಿಗೋಸ್ಕರ ಸೀಳುನಾಯಿಗಳ ಹಿಂಡನ್ನು ಅಪಾಯಕ್ಕೆ ತಳ್ಳೋದು ಬೇಡ.

ರೈಲಿನಲ್ಲಿ ಹೋಗಬಹುದು, ಆದರೆ ಎಸಿ ಫಸ್ಟ್ ಕ್ಲಾಸಿನ ಪೂರ್ತಿ ಕೂಪೆ ನಮ್ಮದಾಗಿರಬೇಕು. ಇಲ್ಲವಾದರೆ ನಾಯಿ ಬ್ರೇಕ್ ವ್ಯಾನಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಬರಬೇಕು. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಕೆಂಪು ಬಸ್ಸಿನಲ್ಲಿ ನಾಯಿಗೂ ಟಿಕೆಟ್ ಉಂಟು. ಆದರೆ ತುಂಬಿದ ಬಸ್ಸಿನಲ್ಲಿ ಅಕ್ಕಪಕ್ಕದವರ ಕಾಲಡಿ ಒಂದು ನಾಯಿಯನ್ನು ಕೂರಿಸಿಕೊಂಡು ಹೋಗೋದಕ್ಕೆ ಬೇರೆಯದೇ ಧೈರ್ಯ ಬೇಕು. ಕಡೆಗೆ ಉಳಿಯೋದು ಕಾರು.

ನಮ್ಮ ರಾಗಿ ಬೀದಿಯಿಂದ ಬಂದವಳು. ಬಣ್ಣ ರಾಗಿ ಹಿಟ್ಟಿನದು, ಹಾಗಾಗಿ ಆ ಹೆಸರು. ಕಾಲಿನಲ್ಲಿ ಕಸುವಿದ್ದಾಗ ಸಕಲೇಶಪುರಕ್ಕೆ ಬಂದು ಜಿಗಣೆ ಹತ್ತಿಸಿಕೊಂಡಿದ್ದಾಳೆ, ಗೋಕರ್ಣದ ಮರಳಲ್ಲಿ ಏಡಿ ಅಟ್ಟಿದ್ದಾಳೆ. ಈಗ ಅವಳಿಗೆ ಹತ್ತು ವರ್ಷ. ಹಿಂಗಾಲಿನ ಕೀಲು ಸವೆದಿದೆ. ಡಾಕ್ಟರು ಎಕ್ಸ್‌ರೇ ತೋರಿಸಿ, ಬೆಟ್ಟ, ಮೆಟ್ಟಿಲು ಬೇಡ, ಕಾರಿನಲ್ಲಿ ಒಂದೇ ಸಮ ಎರಡು ಗಂಟೆಗಿಂತ ಹೆಚ್ಚು ಕೂರಿಸಬೇಡಿ ಅಂದರು. 'ಇನ್ನೆಷ್ಟು ವರ್ಷ ಸರ್?' ಅಂತ ನನ್ನ ಹೆಂಡತಿ ಕೇಳಿದಳು. 'ಎಣಿಸೋದು ಬಿಡಿ ಅಮ್ಮ, ದಿನಾ ಸ್ವಲ್ಪ ನಡೆಸಿ' ಅಂದರು.

ಅವತ್ತು ರಾತ್ರಿ ಮ್ಯಾಪ್ ತೆಗೆದು ಬೆಂಗಳೂರಿನ ಸುತ್ತ ನೂರು ಕಿಲೋಮೀಟರಿನ ಒಂದು ವೃತ್ತ ಎಳೆದೆವು. ಇನ್ನು ಮುಂದೆ ನಮ್ಮ ಪ್ರಪಂಚ ಇಷ್ಟೇ ಅಂದುಕೊಂಡಾಗ ಇಬ್ಬರಿಗೂ ಸಂಕಟವಾಯಿತು, ನಿಜ. ಆದರೆ ಆ ವೃತ್ತದೊಳಗೆ ಏನಿದೆ ಅಂತ ಹುಡುಕುವಾಗಲೇ ಆತಕೂರು ಸಿಕ್ಕಿದ್ದು.

ಮ್ಯೂಸಿಯಮ್ಮಿನ ಕಾಳಿ

ಬೆಂಗಳೂರಿನ ನಾಯಿಗಳಿಗೆ ಕಬ್ಬನ್ ಪಾರ್ಕ್ ಗೊತ್ತೇ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ನಾಯಿಗಳದೇ ಜಾತ್ರೆ. ಲ್ಯಾಬ್ರಡಾರ್, ಬೀಗಲ್, ಮುಧೋಳ, ನಮ್ಮ ಬೀದಿಯವು, ಎಲ್ಲ ಸೇರುತ್ತವೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ, ಕಸ್ತೂರಬಾ ರಸ್ತೆಯಲ್ಲಿ, ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅದರಲ್ಲಿ ಒಂದು ನಾಯಿಯ ನೆನಪಿಗೆ ನೆಟ್ಟ ಕಲ್ಲಿದೆ ಅನ್ನೋದು ಪಾರ್ಕಿಗೆ ಬರುವ ಎಷ್ಟು ಜನಕ್ಕೆ ಗೊತ್ತೋ. ರಾಗಿಯನ್ನು ಒಳಗೆ ಬಿಡುವುದಿಲ್ಲವಲ್ಲ, ನಾನೂ ಹೆಂಡತಿಯೂ ಸರದಿಯ ಮೇಲೆ ಹೊರಗೆ ಲೀಶ್ ಹಿಡಿದು ನಿಂತು ನೋಡಿ ಬಂದೆವು.

ಅದು ಆತಕೂರು ಶಾಸನ. ಕ್ರಿ.ಶ. 949-50ರದ್ದು, ಹಳಗನ್ನಡದಲ್ಲಿದೆ. ಕಲ್ಲಿನ ಮೇಲೆ ಒಂದು ನಾಯಿ ಮತ್ತು ಒಂದು ಕಾಡುಹಂದಿ ಎದುರುಬದುರಾಗಿ ಸೆಣಸುತ್ತಿರುವ ಕೆತ್ತನೆ. ಶಾಲೆಯಲ್ಲಿ ಇತಿಹಾಸ ಓದುವಾಗ ತಕ್ಕೋಲ ಕದನ ಅಂತ ಒಂದು ಸಾಲು ಬರುತ್ತಿತ್ತಲ್ಲ, ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಒಂದು ಕಡೆ, ಚೋಳ ರಾಜಾದಿತ್ಯ ಇನ್ನೊಂದು ಕಡೆ. ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಬೂತುಗನ ಕಡೆಯ ಮಣಲೇರ ಅನ್ನೋ ವೀರ ಅಲ್ಲಿ ಚೆನ್ನಾಗಿ ಕಾದಾಡಿದ್ದ. ಅರಸ ಮೆಚ್ಚಿ, ಏನು ಬೇಕೋ ಕೇಳು ಅಂದ.

ಅಪ್ರೈಸಲ್ ಮೀಟಿಂಗಿನಲ್ಲಿ ಮ್ಯಾನೇಜರ್ ಹಾಗೆ ಅಂದುಬಿಟ್ಟರೆ ನಾವು ಏನೇನು ಕೇಳುತ್ತಿದ್ದೆವೋ! ಮಣಲೇರ, ಯುದ್ಧ ಗೆದ್ದ ಅರಸನ ಎದುರು ನಿಂತು, ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ. ಕೊಟ್ಟರು.

ಆಮೇಲೆ ಕೆಳಲೆ ನಾಡಿನ ಒಂದು ಬೆಟ್ಟದಲ್ಲಿ ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಎರಡೂ ಕಾದಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಎದುರು ಈ ಕಲ್ಲು ನೆಟ್ಟು, ಭೂಮಿ ಬಿಟ್ಟರು. ದಿನವೂ ಈ ಕಲ್ಲಿಗೆ ಪೂಜೆ ಆಗಬೇಕು, ಪೂಜೆ ಮಾಡದೆ ಗೊರವ ಉಂಡರೆ ಅವನಿಗೆ ಪಾಪ ಅನ್ನೋ ಅರ್ಥದ ಕಟ್ಟಳೆಯೂ ಅದರಲ್ಲೇ ಇದೆ. ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳದೆ, ಮುಂದೆ ಅದನ್ನು ನೋಡಿಕೊಳ್ಳುವವನಿಗೆ ಆದಾಯ, ನೋಡಿಕೊಳ್ಳದಿದ್ದರೆ ಶಿಕ್ಷೆ, ಎರಡನ್ನೂ ಬರೆಸಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸಾವಿರ ವರ್ಷದ ಹಿಂದಿನ ಎಎಂಸಿ.

ನಗು ಬಂತು. ಆಮೇಲೆ ಹೊರಗೆ ಬಂದು ರಾಗಿಯ ಲೀಶ್ ಕೈಗೆ ತೆಗೆದುಕೊಂಡಾಗ ಗಂಟಲು ಕಟ್ಟಿತು. ಆ ಊರಿಗೆ ಒಮ್ಮೆ ಹೋಗಿ ಬರೋಣ ಅಂತ ಅಲ್ಲೇ ತೀರ್ಮಾನವಾಯಿತು. ಆತಕೂರು, ಈಗಿನ ಆತಗೂರು, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ವೃತ್ತದ ಒಳಗೇ.

ಹಳೇ ದಾರಿಯಲ್ಲಿ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆ ಆದ ಮೇಲೆ ಎಲ್ಲರೂ ಅದರಲ್ಲೇ ಹಾರಿ ಹೋಗುತ್ತಾರೆ. ಅದು ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲ ಊರುಗಳನ್ನೂ ಬಳಸಿಕೊಂಡು ಹೋಗುತ್ತದೆ. ನಾಯಿ ಜೊತೆಗಿದ್ದರೆ ಹಳೇ ರಸ್ತೆಯೇ ಚೆಂದ. ಬೇಕಾದಲ್ಲಿ ನಿಲ್ಲಿಸಬಹುದು, ಮರದ ನೆರಳಿದೆ. ಮುಖ್ಯವಾಗಿ, ನಾಯಿ ಇಳಿದು ಮೂಸಲು ಏನಾದರೂ ಇರುತ್ತದೆ. ನಮಗೆ ವ್ಯೂಪಾಯಿಂಟ್ ಹೇಗೋ ಅದಕ್ಕೆ ಒಂದು ವಿದ್ಯುತ್ ಕಂಬದ ಬುಡ ಹಾಗೆ.

ಮೊದಲ ನಿಲುಗಡೆ ಬಿಡದಿ. ರಾಗಿಗೆ ಚಟ್ನಿ, ಬೆಣ್ಣೆ ಇಲ್ಲದ ಅರ್ಧ ತಟ್ಟೆ ಇಡ್ಲಿ. ಎರಡನೆಯದು ಚನ್ನಪಟ್ಟಣದ ಹತ್ತಿರದ ಅಗ್ರಹಾರ ವಳಗೆರೆಹಳ್ಳಿ. ಇಲ್ಲಿ ನಾಯಿಗಳಿಗೇ ಒಂದು ಗುಡಿಯಿದೆ, 2010ರಲ್ಲಿ ಕಟ್ಟಿದ್ದು. ಒಳಗೆ ಎರಡು ನಾಯಿಗಳ ವಿಗ್ರಹ, ಹೂವು, ಕುಂಕುಮ. ಊರದೇವತೆ ಕೆಂಪಮ್ಮನ ಗುಡಿಯನ್ನು ನಾಯಿಗಳು ಕಾಯುತ್ತವೆ ಅನ್ನೋ ನಂಬಿಕೆ ಇಲ್ಲಿಯದು. ನಾಯಿಯನ್ನು ಹೊಸಿಲಿನಾಚೆ ಅಟ್ಟುವುದು ನಮ್ಮಲ್ಲಿ ರೂಢಿಯಾದರೂ ಭೈರವನಿಗೆ ನಾಯಿಯೇ ವಾಹನ, ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳು. ಈ ಊರಿನವರು ಆ ಹೊಸಿಲನ್ನೇ ದಾಟಿಸಿ ಒಳಗೆ ಕೂರಿಸಿದ್ದಾರೆ. ರಾಗಿ ವಿಗ್ರಹಗಳನ್ನು ದೂರದಿಂದ ನೋಡಿ ಸುಮ್ಮನಾದಳು. ಹೊರಗೆ ಮಲಗಿದ್ದ ನಿಜವಾದ ನಾಯಿಯನ್ನು ಕಂಡು ಮಾತ್ರ ನನ್ನ ಕಾಲ ಹಿಂದೆ ಬಂದು ನಿಂತಳು.

ಮದ್ದೂರಿನಲ್ಲಿ ಕಾಫಿ, ವಡೆ. ಮದ್ದೂರು ವಡೆ 1917ರಲ್ಲಿ ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಹುಟ್ಟಿದ್ದು ಅಂತ ಹೇಳುತ್ತಾರೆ. ರಾಗಿ ಎಷ್ಟೇ ದೈನ್ಯದಿಂದ ನೋಡಿದರೂ ಒಂದು ಚೂರನ್ನೂ ಕೊಡುವ ಹಾಗಿಲ್ಲ. ವಡೆಯ ತುಂಬ ಈರುಳ್ಳಿ, ಮತ್ತು ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಬೆಳ್ಳುಳ್ಳಿಯೂ ಹಾಗೇ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷ. 'ಪಾಪ, ನೋಡ್ತಿದೆ, ಒಂದ್ ತುಂಡು ಹಾಕಿ ಸರ್' ಅನ್ನುವ ಪಕ್ಕದ ಟೇಬಲ್ಲಿನವರಿಗೆ ಇದನ್ನು ನಗುತ್ತಲೇ ಹೇಳಬೇಕು.

ಕಲ್ಲು ಇಲ್ಲದ ಊರಿನಲ್ಲಿ

ಮದ್ದೂರಿನಿಂದ ಒಳದಾರಿ. ಎರಡೂ ಕಡೆ ಕಬ್ಬು, ತೆಂಗು, ನಡುನಡುವೆ ಆಲೆಮನೆಯ ಹೊಗೆ. ಬೆಲ್ಲದ ವಾಸನೆಗೆ ರಾಗಿ ಕಿಟಕಿಗೆ ಮೂಗು ಒತ್ತಿದಳು. ಆಲೆಮನೆ ಕಂಡರೆ ಇಳಿಯುವ ಆಸೆ ಯಾರಿಗಿಲ್ಲ, ಆದರೆ ಕುದಿಯುವ ಕೊಪ್ಪರಿಗೆಯ ಹತ್ತಿರ ನಾಯಿಯನ್ನು ಬಿಡುವ ಮಾತೇ ಇಲ್ಲ. ಇದೇ ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರೂ ಇದೆ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಅಲ್ಲಿಗೂ ನಾಯಿ ಬೇಡ ಅಂತ ಅದನ್ನು ಬಿಟ್ಟೆವು.

ಆತಗೂರಿನಲ್ಲಿ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ತಕ್ಷಣ ಇಳಿಸದೆ ಸ್ವಲ್ಪ ಹೊತ್ತು ಕೂತೆವು. ಹಳ್ಳಿಯ ನಾಯಿಗಳಿಗೆ ತಮ್ಮ ಬೀದಿ ಅಂದರೆ ತಮ್ಮ ರಾಜ್ಯ. ಅವು ಬಂದು ನೋಡಿ, ಮೂಸಿ, ಬೊಗಳಿ, ತಾವಾಗಿ ಹೋಗಿ ಮಲಗಿದ ಮೇಲೆ ನಮ್ಮದನ್ನು ಇಳಿಸಬೇಕು. ಹತ್ತು ನಿಮಿಷದ ತಾಳ್ಮೆ, ಅಷ್ಟೇ.

ಅಷ್ಟರಲ್ಲಿ ಒಬ್ಬ ಅಜ್ಜಿ ಬಂದರು. 'ನಾಯಿನ ಕಾರಲ್ಲಿ ಕೂರುಸ್ಕಂಡ್ ಬಂದಿದ್ದೀರಲ್ಲಪ್ಪ, ಎಲ್ಲಿಗ್ ಓಯ್ತೀರಾ?'

ನಿಮ್ಮ ಊರಿಗೇ ಬಂದಿದ್ದು ಅಂತ ಹೇಳಿ, ಕಾಳಿಯ ಕಥೆ ಹೇಳಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಇಲ್ಲಿ ಕಲ್ಲು ಹಾಕಿಸಿದ್ದರು, ದಿನಾ ಪೂಜೆ ಆಗಬೇಕು ಅಂತ ಬರೆಸಿದ್ದರು ಅಂದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. 'ಈಗ ಬೆಂಗ್ಳೂರಲ್ಲಿ ಯಾರ್ ಮಾಡ್ತಾರೆ ಅದ್ಕೆ ಪೂಜೆನ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಪಾಟ್‌ಲೈಟು, ಪಕ್ಕದಲ್ಲಿ ಒಂದು ಫಲಕ ಹಾಕಿರುವುದನ್ನು ಪೂಜೆ ಅನ್ನಬಹುದೋ ಏನೋ.

ರಾಗಿಯನ್ನು ಇಳಿಸಿದಾಗ ಅವರ ಕಣ್ಣು ನೇರ ಹಿಂಗಾಲಿಗೆ ಹೋಯಿತು. 'ಕುಂಟ್ತದಲ್ಲಪ್ಪ ಇದು.'

'ವಯಸ್ಸಾಯ್ತು ಅಜ್ಜಿ. ಕೀಲುನೋವು.'

'ನಂಗೂ ಅದೇಯ. ಬಿಸ್ಲಲ್ಲಿ ನಿಲ್ಲುಸ್ಬೇಡ, ನೆಳ್ಳಿಗ್ ಕರ್ಕೊ.' ಹೀಗಂದು ಒಳಗೆ ಹೋಗಿ ತೆಂಗಿನ ಚಿಪ್ಪಿನಲ್ಲಿ ನೀರು ತಂದಿಟ್ಟರು. ಹೊಸ ಬಟ್ಟಲಿನಲ್ಲಿ ಕುಡಿಯಲು ಸದಾ ತಕರಾರು ಮಾಡುವವಳು ಅದನ್ನು ಪೂರ್ತಿ ನೆಕ್ಕಿ ಮುಗಿಸಿದಳು.

ಆಮೇಲೆ ಹೊಲದ ದಾರಿಯಲ್ಲಿ ನಲವತ್ತು ನಿಮಿಷ ನಡೆದೆವು. ನಡೆದ ದೂರ ಅರ್ಧ ಕಿಲೋಮೀಟರೂ ಇರಲಿಕ್ಕಿಲ್ಲ. ಒಂದು ಗರಿಕೆಯ ಬುಡವನ್ನೇ ಐದು ನಿಮಿಷ ಮೂಸಿದಳು. ಮೊದಲಾಗಿದ್ದರೆ 'ಬಾ ರಾಗಿ, ಬಾ' ಅಂತ ಎಳೆಯುತ್ತಿದ್ದೆವು. ಈಗ ಅವಳು ಎಲ್ಲಿ ನಿಲ್ಲುತ್ತಾಳೋ ಅಲ್ಲಿ ನಾವೂ ನಿಲ್ಲುತ್ತೇವೆ. ದೂರದಲ್ಲಿ ಕುರಿಮಂದೆ ಕಂಡಾಗ ಅವಳ ಕಿವಿ ನೆಟ್ಟಗಾಯಿತು, ಬಾಲ ಏರಿತು. ಲೀಶ್ ಬಿಗಿ ಹಿಡಿದೆ. ಓಡುವ ಆಸೆ ಅವಳ ಮೈಯಲ್ಲಿ ಇನ್ನೂ ಹಾಗೇ ಇದೆ, ಕಾಲು ಮಾತ್ರ ಒಪ್ಪುವುದಿಲ್ಲ. ಆ ಕ್ಷಣ ನಾವಿಬ್ಬರೂ ಏನೂ ಮಾತಾಡಲಿಲ್ಲ. ಕಾಳಿ ಬೇಟೆಯಲ್ಲಿ, ಓಟದ ನಡುವೆ ಹೋದಳು. ನಮ್ಮವಳು ನಿಧಾನವಾಗಿ ಹೋಗುತ್ತಾಳೆ, ನಾವು ಪಕ್ಕದಲ್ಲೇ ಇರುತ್ತೇವೆ. ಯಾವುದು ಮೇಲು ಅಂತ ಲೆಕ್ಕ ಹಾಕುವ ವಿಷಯ ಇದಲ್ಲ. ನಮ್ಮ ಕೈಯಲ್ಲಿರೋದು ಶನಿವಾರಗಳು ಮಾತ್ರ.

ಹನ್ನೊಂದಕ್ಕೆಲ್ಲ ಹೊರಟು ಊಟದ ಹೊತ್ತಿಗೆ ಮನೆ ಸೇರಿದೆವು. ರಾಗಿ ಸಂಜೆಯವರೆಗೆ ಕಾಲು ಚಾಚಿ, ನಿದ್ದೆಯಲ್ಲೇ ಪಂಜ ಆಡಿಸುತ್ತಾ ಮಲಗಿದ್ದಳು.

ಹೊರಡುವವರಿಗೆ ನಾಲ್ಕು ಮಾತು

ಬೆಳಿಗ್ಗೆ ಬೇಗ ಹೊರಡಿ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಣಿಸಿಕೊಳ್ಳಬೇಕು. ಟಾರಿನ ಮೇಲೆ ನಿಮ್ಮ ಅಂಗೈ ಹಿಂಭಾಗವನ್ನು ಏಳು ಸೆಕೆಂಡು ಇಡಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಕಿಟಕಿ ಸ್ವಲ್ಪ ಇಳಿಸಿದ್ದೇವಲ್ಲ ಅಂತ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಐದು ನಿಮಿಷವೂ ಬಿಟ್ಟು ಹೋಗಬೇಡಿ.

ಹಸಿರಿನಲ್ಲಿ ಓಡಾಡಿ ಬಂದ ದಿನ ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಹುಡುಕಿ. ಟಿಕ್ ಫೀವರ್ ಬಂದರೆ ನಾಯಿ ಊಟ ಬಿಟ್ಟು ಮಂಕಾಗುತ್ತದೆ, ತಡ ಮಾಡಿದರೆ ಜೀವಕ್ಕೇ ಕುತ್ತು. ನಿಂತ ನೀರು ಕುಡಿಸಬೇಡಿ, ಇಲಿಜ್ವರ ಅದರಿಂದಲೂ ಬರುತ್ತದೆ. ರೇಬಿಸ್ ಲಸಿಕೆ ಬರೆದಿರುವ ಪುಸ್ತಕ, ಮನೆಯ ನೀರು, ಹಾಸಲು ಒಂದು ಹಳೇ ಬೆಡ್‌ಶೀಟು, ಕಕ್ಕ ಎತ್ತಲು ಚೀಲ ಕಾರಿನಲ್ಲೇ ಇರಲಿ. ಕೊನೆಯದನ್ನು ಹಳ್ಳಿಯಲ್ಲೂ ಬಳಸಿ. ಅದು ಯಾರದೋ ಹೊಲ, ಯಾರದೋ ಅಂಗಳ.

ನಾಯಿಗೆ ಹಾಕಿಸಿದ ಬೇರೆ ವೀರಗಲ್ಲುಗಳೂ ನಮ್ಮ ರಾಜ್ಯದಲ್ಲಿವೆ. ನಿಮ್ಮ ಊರಿನ ಹತ್ತಿರ ಅಂಥದ್ದು ಇದ್ದರೆ ಈ ಅಂಕಣಕ್ಕೆ ಬರೆಯಿರಿ, ಬರುತ್ತೇವೆ. ಶರತ್ತು ಎರಡೇ: ಬೆಂಗಳೂರಿನಿಂದ ನೂರು ಕಿಲೋಮೀಟರಿನ ಒಳಗಿರಬೇಕು, ಪಕ್ಕದಲ್ಲಿ ಒಂದು ನೆರಳಿನ ಮರ ಇರಬೇಕು.