ಹಿಟ್ಟು ನಾದಿದ ಹೆಜ್ಜೆಗಳು

ನಲವತ್ತೈದು ದಾಟಿದ ಗಂಡಸಿನ ಆರೋಗ್ಯದ ಬಗ್ಗೆ ಮಾತಾಡುವ ಹಕ್ಕು ಊರಿಗೆಲ್ಲ ಬಂದುಬಿಡುತ್ತದೆ. ಹೆಂಡತಿ ಸಕ್ಕರೆ ಡಬ್ಬಿ ಬಚ್ಚಿಡುತ್ತಾಳೆ, ಸೋದರತ್ತೆ ಮೆಂತ್ಯದ ನೀರು ಕುಡಿ ಎನ್ನುತ್ತಾಳೆ, ಕಟಿಂಗ್ ಶಾಪಿನವನು ನೆತ್ತಿ ಸವರಿ ‘ಟೆನ್ಷನ್ ಜಾಸ್ತಿ ಅಲ್ವಾ ಸಾರ್’ ಎಂದು ಮರುಗುತ್ತಾನೆ. ಇದೆಲ್ಲ ನನಗೆ ರೂಢಿಯಾಗಿತ್ತು. ಆದರೆ ನಮ್ಮ ಆಫೀಸೂ ಈ ಹಿತೈಷಿಗಳ ಸಾಲಿಗೆ ಸೇರಿದಾಗ ನಿಜವಾಗಿ ಗಾಬರಿಯಾಯಿತು. ಹಗಲಿಡೀ ಕುರ್ಚಿಗೆ ಅಂಟಿಸಿದವರೇ ‘ಕೂತೇ ಇರುವುದು ಅಪಾಯಕಾರಿ’ ಎಂದು ಎರಡು ಪುಟದ ಮೇಲ್ ಕಳಿಸಿದ್ದರು. ಅದನ್ನೂ ಕೂತೇ ಓದಿದೆವು.

ಹೀಗೆ ಶುರುವಾಯಿತು ನಮ್ಮ ‘ವೆಲ್‌ನೆಸ್ ವೀಕ್’. ಸೋಮವಾರ ಟೆರೇಸಿನಲ್ಲಿ ಜುಂಬಾ. ಕುಣಿಯಲು ಬಂದವರು ಯಾರು? ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಡುವ ಹುಡುಗಿಯರು, ನಂದಿಬೆಟ್ಟಕ್ಕೆ ಸೈಕಲ್ ತುಳಿದು ಫೋಟೊ ಹಾಕುವ ಮ್ಯಾನೇಜರು. ಹೊಟ್ಟೆ ಬಂದ ನಾವೆಲ್ಲ ಗಾಜಿನ ಈಚೆ ಕಾಫಿ ಹಿಡಿದು ಪ್ರೇಕ್ಷಕರಾಗಿದ್ದೆವು. ನಾವು ಮಾತ್ರ ಸೋಮಾರಿಗಳು ಎಂದುಕೊಳ್ಳಬೇಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ 2016ರಲ್ಲಿ ತನ್ನ ಸುಮಾರು ಐದು ಸಾವಿರ ನೌಕರರ ಮೇಲೆಯೇ ಇಂಥ ಯೋಜನೆಯ ಪರೀಕ್ಷೆ ನಡೆಸಿತು. ಉತ್ಸಾಹದಿಂದ ಸೇರಿಕೊಂಡವರು ಹೆಚ್ಚಾಗಿ ಮೊದಲೇ ಗಟ್ಟಿಮುಟ್ಟಾಗಿದ್ದವರು. ಯೋಜನೆಯಿಂದಾಗಿ ಆಸ್ಪತ್ರೆ ಖರ್ಚೂ ಇಳಿಯಲಿಲ್ಲ, ಜಿಮ್‌ಗೆ ಹೋಗುವವರೂ ಹೆಚ್ಚಲಿಲ್ಲ. ಗಾಜಿನ ಈಚೆಯ ಜನ ಅಲ್ಲೂ ಇದ್ದಾರೆಂದು ತಿಳಿದು ನನಗೆ ಬಂಧುಗಳು ಸಿಕ್ಕಷ್ಟು ಸಂತೋಷವಾಯಿತು.

ಮಂಗಳವಾರ ಲಿಫ್ಟಿನ ಪಕ್ಕ ‘ಮೆಟ್ಟಿಲು ಹತ್ತಿ, ಆಯಸ್ಸು ಹೆಚ್ಚಿಸಿ’ ಎಂಬ ಪೋಸ್ಟರ್ ಬಂತು. ಆಯಸ್ಸಿನ ಆಸೆಗೆ ಹೋದರೆ ಮೆಟ್ಟಿಲಿನ ಬಾಗಿಲಿಗೆ ಬೀಗ. ‘ಅದು ಎಮರ್ಜೆನ್ಸಿಗೆ ಮಾತ್ರ ಸಾರ್’ ಎಂದ ಸೆಕ್ಯುರಿಟಿಯವನು. ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, ಇದು ಎಮರ್ಜೆನ್ಸಿ ಹೌದೋ ಅಲ್ಲವೋ ಎಂದು ಅರೆಗಳಿಗೆ ಯೋಚಿಸಿದ ಪುಣ್ಯಾತ್ಮ. ಬುಧವಾರ ಸಂಜೆ ಏಳಕ್ಕೆ ‘ಕೆಲಸ–ಬದುಕಿನ ಸಮತೋಲನ’ದ ಬಗ್ಗೆ ಆನ್‌ಲೈನ್ ಉಪನ್ಯಾಸ. ಹಾಜರಿ ಕಡ್ಡಾಯ.

ಆದರೆ ವಾರದ ನಿಜವಾದ ನಾಯಕರು ನನ್ನ ಪಕ್ಕದ ಸೀಟಿನ ರಾಯರು. ದಿನಕ್ಕೆ 10,000 ಹೆಜ್ಜೆ ಹಾಕುವ ಒಂದು ತಿಂಗಳ ಸ್ಪರ್ಧೆಗೆ ಎಲ್ಲರ ಕೈಗೂ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿದ್ದರು. ಈ ಹತ್ತು ಸಾವಿರದ ಲೆಕ್ಕವನ್ನು ವೈದ್ಯರು ಯಾರೂ ಬರೆದುಕೊಟ್ಟದ್ದಲ್ಲ. 1965ರ ಸುಮಾರಿಗೆ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಅದು ಲೋಕವೆಲ್ಲ ಸುತ್ತಿತು. ರಾಯರು ನಡೆದು ಗೆಲ್ಲುವ ಕುಳವಲ್ಲ. ಒಂದು ರಾತ್ರಿ ಹೆಂಡತಿಗೆ ಕೈನೋವೆಂದು ಚಪಾತಿ ಹಿಟ್ಟು ಕಲಸಲು ಕೂತಾಗ ಪಟ್ಟಿ ಅದನ್ನೂ ಹೆಜ್ಜೆ ಎಂದೇ ಎಣಿಸಿಬಿಟ್ಟಿತು. ಮದುವೆಯಾದಂದಿನಿಂದ ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗಿದ್ದ ಮನುಷ್ಯ ಅಂದಿನಿಂದ ದಿನಾ ಹಿಟ್ಟು ನಾದಿದರು. ಬೇಡವೆಂದರೂ ಕಡಗೋಲಿನಲ್ಲಿ ಮಜ್ಜಿಗೆ ಕಡೆದರು. ಬಹುಮಾನವಾಗಿ ಒಂದು ನೀರಿನ ಬಾಟಲಿ ಬಂತು. ಮರುದಿನವೇ ರಾಯರು ಮತ್ತೆ ಸೋಫಾದಲ್ಲಿ. ‘ಸ್ಪರ್ಧೆ ಯುಗಾದಿವರೆಗೂ ಇಟ್ಟಿದ್ರೆ ಒಬ್ಬಟ್ಟಿನ ಕಣಕಾನೂ ಆಗ್ತಿತ್ತಲ್ರೀ’ ಎಂದು ಅವರ ಮನೆಯವರು ನಿಟ್ಟುಸಿರಿಟ್ಟರಂತೆ.

ಉಪನ್ಯಾಸಕರು ಇಪ್ಪತ್ತೊಂದು ದಿನ ಮಾಡಿದ್ದು ಅಭ್ಯಾಸವಾಗುತ್ತದೆ ಎಂದಿದ್ದರು. ಆ ಇಪ್ಪತ್ತೊಂದು ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ಮೂಗು ತಿದ್ದಿಸಿಕೊಂಡವರು ಕನ್ನಡಿಯಲ್ಲಿ ಹೊಸ ಮುಖಕ್ಕೆ ಒಗ್ಗಲು ಕನಿಷ್ಠ ಅಷ್ಟು ದಿನ ಬೇಕು ಎಂದಿದ್ದ ಆತ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆ: ಕೆಲವರಿಗೆ 18 ದಿನ, ಕೆಲವರಿಗೆ 254, ಸರಾಸರಿ ಸುಮಾರು 66. ಅವರ ಇನ್ನೊಂದು ಮಾತು ನನಗೆ ಹಿಡಿಸಿತು. ಹೊಸ ಕೆಲಸವನ್ನು ದಿನಚರಿಯ ಒಂದು ಗೂಟಕ್ಕೆ, ತಿಂಡಿಯಾದ ಕೂಡಲೇ ಎಂಬಂತೆ, ಕಟ್ಟಬೇಕು. ನಡುವೆ ಒಂದು ದಿನ ತಪ್ಪಿದರೆ ಮುಳುಗಿಹೋಗುವುದಿಲ್ಲ.

ಗೂಟ ಎಂದಾಗ ಅಪ್ಪ ನೆನಪಾಗುತ್ತಾರೆ. ಅವರು ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮ ಕಾಲೊನಿಯ ಗೂಟ ಆ ಕಾರ್ಖಾನೆಯ ಸೈರನ್. ಮೊದಲ ಸೈರನ್ನಿಗೆ ಅಪ್ಪನ ಸೈಕಲ್ ಹೊರಡುತ್ತಿತ್ತು, ಮಧ್ಯಾಹ್ನದ ಸೈರನ್ನಿಗೆ ಮನೆಮನೆಯ ಅಮ್ಮಂದಿರು ಅನ್ನಕ್ಕೆ ಇಡುತ್ತಿದ್ದರು, ಸಂಜೆಯದಕ್ಕೆ ವಾಲಿಬಾಲ್ ನೆಟ್ ಏರುತ್ತಿತ್ತು. ನವೆಂಬರ್ ಬಂದರೆ ರಾಜ್ಯೋತ್ಸವದ ನಾಟಕಕ್ಕೆ ತಾಲೀಮು. ಅಪ್ಪ ‘ಎಕ್ಸರ್‌ಸೈಜ್’ ಮಾಡಿದ್ದನ್ನು ಯಾರೂ ಕಂಡವರಿಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ ಐದು ಗಂಟೆಗಿಂತ ಹೆಚ್ಚು ಒಂದೇಸಮ ದುಡಿಸಬಾರದು, ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದಿತ್ತು. 250ಕ್ಕಿಂತ ಹೆಚ್ಚು ಜನರಿದ್ದಲ್ಲಿ ಕ್ಯಾಂಟೀನ್ ತೆರೆಸುವ ನಿಯಮವೂ ಇತ್ತು. ಆ ಅರ್ಧ ಗಂಟೆಯಲ್ಲಿ ಅಪ್ಪನನ್ನು ಯಾರೂ ಫೋನಿನಲ್ಲಿ ಕರೆಯುತ್ತಿರಲಿಲ್ಲ. ಅವರ ಕೈಯಲ್ಲಿದ್ದದ್ದು ಎಚ್‌ಎಂಟಿ ಜನತಾ. ಬೆಳಿಗ್ಗೆ ಎದ್ದು ಅದಕ್ಕೆ ಅವರೇ ಕೀ ಕೊಡುತ್ತಿದ್ದರು. ನನ್ನ ಕೈಗೆ ಕಟ್ಟಿದ್ದು ನನಗೇ ಕೀ ಕೊಡುತ್ತದೆ.

ಹಾಗೆಂದು ಅದು ಸ್ವರ್ಗವೇನಲ್ಲ. ಅಪ್ಪ ಬೀಡಿ ಸೇದುತ್ತಿದ್ದರು. ಯಂತ್ರಗಳ ಸದ್ದಿಗೆ ಕಿವಿ ಮಂದವಾಗಿತ್ತು. ಆದರೆ ಅಭ್ಯಾಸ ಎಂದರೇನೆಂದು ನಾನು ಕಂಡದ್ದು ಅವರಲ್ಲೇ. ವಿಆರ್‌ಎಸ್ ತೆಗೆದುಕೊಂಡು, ಕಾರ್ಖಾನೆಯೂ ಮುಚ್ಚಿ, ಸೈರನ್ ನಿಂತು ವರ್ಷಗಳಾದ ಮೇಲೂ ಸರಿಯಾಗಿ ಅದೇ ಹೊತ್ತಿಗೆ ಅವರು ತಟ್ಟೆ ಹಾಕು ಎನ್ನುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ.

ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ವರ್ಷಗಟ್ಟಲೆ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ ಹೃದಯರೋಗಕ್ಕೆ ಹೆಚ್ಚು ಬಲಿಯಾದವರು ದೊಡ್ಡ ಸಾಹೇಬರಲ್ಲ, ಕೆಳದರ್ಜೆಯವರು. ಸಿಗರೇಟು, ರಕ್ತದೊತ್ತಡವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿ ಮುಚ್ಚಲಿಲ್ಲ. 1985ರಲ್ಲಿ ಶುರುವಾದ ಎರಡನೇ ಅಧ್ಯಯನ, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವನ ಎದೆಗೆ ಅಪಾಯ ಹೆಚ್ಚು ಎಂದಿತು. ರಾತ್ರಿ ಹತ್ತಕ್ಕೆ ‘ಒಂದು ಸಣ್ಣ ಕಾಲ್’ ಎಂಬ ಮೆಸೇಜು ಬರುತ್ತಿರುವವರೆಗೂ ಎಷ್ಟು ಪ್ರಾಣಾಯಾಮ ಮಾಡಿದರೂ ಉಸಿರು ಬಿಗಿಯಾಗಿಯೇ ಇರುತ್ತದೆ.

ಸಿರಿಧಾನ್ಯದ ಲಡ್ಡು ಹಂಚಿದ್ದಕ್ಕೆ ಎಚ್‌ಆರ್‌ನವರಿಗೆ ಧನ್ಯವಾದ, ಎರಡು ತಿಂದೆ. ಮುಂದಿನ ವರ್ಷ ಜುಂಬಾ ಇಲ್ಲದಿದ್ದರೂ ನಡೆಯುತ್ತದೆ. ಆ ಮೆಟ್ಟಿಲಿನ ಬೀಗ ತೆಗೆಸಿ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಮೀಟಿಂಗ್ ಇಡಬೇಡಿ. ಸಂಜೆ ಆರೂವರೆಗೆ ಮೊದಲು ಮ್ಯಾನೇಜರನ್ನೇ ಮನೆಗೆ ಕಳಿಸಿ. ಇದಕ್ಕೆ ಬಜೆಟ್ಟೂ ಬೇಡ, ಉಪನ್ಯಾಸಕರೂ ಬೇಡ. ಆಫೀಸು ತನ್ನ ಅಭ್ಯಾಸ ಬದಲಿಸಿದರೆ ನಮ್ಮದೂ ತಾನಾಗಿ ಬದಲಾಗುತ್ತದೆ. ರಾಯರ ವಿಷಯದಲ್ಲಿ ಮಾತ್ರ ನಾನು ಭರವಸೆ ಕೊಡಲಾರೆ.