ವಿಹಾರದ ಬಾಗಿಲಲ್ಲಿ

ಕಮಲಾಪುರದ ನನ್ನ ಮನೆಯಿಂದ ಕಲಬುರಗಿಯ ಬುದ್ಧವಿಹಾರವು ಏಳೆಂಟು ಹರದಾರಿಗಿಂತ ಹೆಚ್ಚು ದೂರವಿಲ್ಲ. 2009ನೆಯ ಇಸವಿಯ ಜನವರಿಯಲ್ಲಿ ಅಂದಿನ ರಾಷ್ಟ್ರಪತಿಗಳಾದ ಪ್ರತಿಭಾ ಪಾಟೀಲರು ಅದನ್ನು ಉದ್ಘಾಟಿಸಿದಾಗ ನಾನು ಅದೇ ಊರಿನ ಒಂದು ಶಾಲೆಯಲ್ಲಿ ಸಂಸ್ಕೃತದ ಪಾಠ ಹೇಳುತ್ತಿದ್ದೆನು. ವಿಶ್ವವಿದ್ಯಾಲಯದ ಕಡೆಗೆ ಹೋದಾಗಲೆಲ್ಲ ಆ ಬಿಳಿಯ ಗುಮ್ಮಟವು ಕಣ್ಣಿಗೆ ಬೀಳುತ್ತಿದ್ದಿತು. ಆದರೂ ಒಳಗೆ ಕಾಲಿಡಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ. ಕ್ಷಣಿಕವಾದದ ಖಂಡನೆಯನ್ನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿದವನಿಗೆ, ಖಂಡಿತವಾದುದನ್ನು ಮತ್ತೆ ನೋಡುವುದೇನಿದೆ ಎಂಬ ಅಹಂಭಾವವಿದ್ದಿರಬೇಕು.

ಹೀಗಾಗಿ ಬುದ್ಧನ ಮುಂದೆ ನಾನು ಮೊದಲು ಕುಳಿತುದು ಸಮುದ್ರದಾಚೆಯಲ್ಲಿ. ಮಗನು ಉದ್ಯೋಗನಿಮಿತ್ತವಾಗಿ ಬ್ಯಾಂಕಾಕಿನಲ್ಲಿದ್ದಾನೆ. ಹೋದ ವರ್ಷ ಅವನ ಬಳಿ ಒಂದು ತಿಂಗಳಿದ್ದು ಬಂದೆನು. ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಎದುರಾದವರೆಲ್ಲ ಅಂಜಲಿಬದ್ಧರಾಗಿ ‘ಸವಾದ್ದೀ’ ಎನ್ನುವರು. ಅದು ನಮ್ಮ ‘ಸ್ವಸ್ತಿ’ಯೇ, ಹೋದ ಶತಮಾನದಲ್ಲಿ ಅಲ್ಲಿಯ ಚುಲಾಲೊಂಗ್‌ಕಾರ್ನ್ ವಿಶ್ವವಿದ್ಯಾಲಯದ ಭಾಷಾಪಂಡಿತರೊಬ್ಬರು ಅದನ್ನು ಅಭಿವಾದನಕ್ಕೆಂದು ಬಳಕೆಗೆ ತಂದರಂತೆ. ಒಬ್ಬ ಉಪಾಧ್ಯಾಯನ ಮಾತು ಒಂದು ದೇಶದ ಬಾಯಲ್ಲೆಲ್ಲ ನೆಲೆಸಿತೆಂಬ ಸಂತೋಷವು, ಅಲ್ಲಿಯ ಹೊನ್ನಿನ ಮಾಡುಗಳನ್ನು ಕಂಡಾಗಲೂ ನನಗಾಗಲಿಲ್ಲ!

ವಾಟ್ ಪೋ ಎಂಬ ದೇವಾಲಯದಲ್ಲಿ 46 ಮೀಟರು ಉದ್ದದ ಶಯನಬುದ್ಧನಿದ್ದಾನೆ. ಅದೇ ಆವರಣದ ಇನ್ನೊಂದು ಗುಡಿಯಲ್ಲಿ ಮೊಣಕಾಲ ನೋವಿನಿಂದ ನಾನು ಕಾಲು ಚಾಚಿ ಕುಳಿತೆನು. ಪಕ್ಕದ ಮುದುಕಿಯೊಬ್ಬಳು ನಗುತ್ತ, ಕಾಲನ್ನು ಹಿಂದಕ್ಕೆ ಮಡಿಸಿಕೊಳ್ಳುವಂತೆ ಸನ್ನೆಮಾಡಿದಳು. ಬುದ್ಧನ ಕಡೆಗೆ ಅಂಗಾಲು ತೋರುವುದು ಅಲ್ಲಿ ಮಹಾಪಚಾರ. ಆದರೆ ಶಯನಬುದ್ಧನ ಅಂಗಾಲುಗಳಲ್ಲಿಯೇ ಮುತ್ತಿನ ಚಿಪ್ಪಿನಿಂದ 108 ಮಂಗಳ ಚಿಹ್ನೆಗಳನ್ನು ಕೆತ್ತಿ ಕೂರಿಸಿದ್ದಾರೆ. ಅಂಗಾಲು ತೋರುವ ಅಧಿಕಾರ ಅವನೊಬ್ಬನಿಗೇ ಎಂದು ಸೊಸೆಯು ನಕ್ಕಳು.

ನನ್ನ ಮನಸ್ಸನ್ನು ಕಲಕಿದುದು ಮುಂಜಾವಿನ ಭಿಕ್ಷೆ. ಬರಿಗಾಲಿನ ಭಿಕ್ಷುವು ಪಾತ್ರೆ ಹಿಡಿದು ಮೌನವಾಗಿ ಬರುವನು. ಗೃಹಸ್ಥರು ಪಾದರಕ್ಷೆ ಬಿಟ್ಟು ಅನ್ನವನ್ನಿಟ್ಟು ಮೊಣಕಾಲೂರಿ ಕೈಮುಗಿಯುವರು. ಸ್ತ್ರೀಯರು ಅವನನ್ನು ಮುಟ್ಟಲಾಗದು. ಕೈಯಿಂದ ಕೊಡುವುದಿದ್ದರೆ ಅವನು ವಸ್ತ್ರವನ್ನು ಹಾಸಿ ಅದರ ಮೇಲೆ ಇಡಿಸಿಕೊಳ್ಳುವನು. ಮಧ್ಯಾಹ್ನ ಕಳೆದರೆ ಉಣ್ಣುವಂತಿಲ್ಲ. ಕೊಟ್ಟವರಿಗೆ ಅವನು ಉಪಕಾರ ಹೇಳುವುದಿಲ್ಲ. ತೆಗೆದುಕೊಂಡುದಕ್ಕೆ ಕೊಟ್ಟವರೇ ಕೃತಜ್ಞರು. ನಾನು ಹನ್ನೆರಡರ ವಯಸ್ಸಿನಲ್ಲಿ ವಾರಾನ್ನದಿಂದ ಓದಿದವನು. ಏಳು ದಿನಕ್ಕೆ ಏಳು ಮನೆ. ಬುಧವಾರದ ಮನೆಯಲ್ಲಿ ಅನ್ನಕ್ಕಿಂತ ಮೊದಲು ಒಂದು ನಿಟ್ಟುಸಿರನ್ನು ಬಡಿಸುತ್ತಿದ್ದರು. ಐವತ್ತು ವರ್ಷಗಳ ಹಿಂದಿನ ಆ ತಟ್ಟೆಯು ಬ್ಯಾಂಕಾಕಿನ ಬೀದಿಯ ತಿರುವಿನಲ್ಲಿ ಕಣ್ಣಮುಂದೆ ಬಂದು ನಿಂತಿತು.

ಊರಿಗೆ ಮರಳಿದ ಮೇಲೆ ಇಲ್ಲಿಯ ವಿಹಾರವನ್ನು ನೋಡದಿರುವುದು ನಾಚಿಕೆಯೆನಿಸಿತು. ನಮ್ಮ ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪನ್ನು ಹಿಡಿದು ಹೋದೆನು. ಮೂರ್ತಿಯ ಮುಂದೆ ಹಣ್ಣನ್ನಿಟ್ಟು, ಅಭ್ಯಾಸಬಲದಿಂದ ತೀರ್ಥಕ್ಕೆ ಕೈಚಾಚಿ ನಿಂತೆನು. ತೀರ್ಥ ಕೊಡುವವರಾರೂ ಇರಲಿಲ್ಲ. ಹಿಂದಿನಿಂದ ‘ಜೈ ಭೀಮ್, ಗುರುಗಳೆ’ ಎಂಬ ಧ್ವನಿ ಕೇಳಿಸಿತು. ಏನು ಪ್ರತಿ ಹೇಳಬೇಕೆಂದು ತಿಳಿಯದೆ ಚಾಚಿದ ಕೈಗಳನ್ನೇ ಜೋಡಿಸಿದೆನು.

ಅವನು ನನ್ನ ಹಳೆಯ ವಿದ್ಯಾರ್ಥಿ. ಎಂಟನೆಯ ತರಗತಿಯಲ್ಲಿ ‘ನನಗೂ ಸಂಸ್ಕೃತ ಕಲಸ್ರಿ’ ಎಂದು ನನ್ನ ಮೇಜಿನ ಬಳಿ ನಿಂತಿದ್ದ ಹುಡುಗ. ‘ನಿನ್ನ ನಾಲಗೆಗೆ ಮಹಾಪ್ರಾಣ ಹೊರಳದು, ಹಿಂದಿ ತೆಗೆದುಕೊ’ ಎಂದು ಕಳುಹಿಸಿದ್ದೆನು. ಅವನಿಂದ ಒಂದಕ್ಷರವನ್ನೂ ಹೇಳಿಸಿ ನೋಡಿರಲಿಲ್ಲ. ಅವನ ಕೇರಿಯಾವುದೆಂದು ತಿಳಿದಿದ್ದಿತು, ಅಷ್ಟೇ ಸಾಕಾಗಿದ್ದಿತು. ಅಂಥವರಿಗಾಗಿಯೇ ಡಾಕ್ಟರ್ ಅಂಬೇಡ್ಕರರು 1956ರಲ್ಲಿ ನಾಗಪುರದಲ್ಲಿ ಈ ಬಾಗಿಲನ್ನು ತೆರೆದರೆಂಬುದು ಪುಸ್ತಕದಿಂದ ನನಗೆ ಗೊತ್ತಿದ್ದ ಸಂಗತಿ. ನನ್ನಂಥವರು ಯಾವ ಬಾಗಿಲನ್ನು ಹಾಕಿದ್ದೆವೆಂಬುದು ಪುಸ್ತಕದಲ್ಲಿರಲಿಲ್ಲ.

ಅವನು ಅಲ್ಲಿಯೇ ಕುಳಿತು ವಂದನೆಯ ಪಾಲಿ ಪಾಠವನ್ನು ಹೇಳಿದನು. ‘ಧಮ್ಮ’, ‘ಸಂಘ’ ಎಂಬಲ್ಲಿ ಮಹಾಪ್ರಾಣಗಳು ಗಂಟೆ ಹೊಡೆದಂತಿದ್ದವು. ಹೊರಗೆ ಬಂದಾಗ ನಾನು ಹಳೆಯ ಮಾತನ್ನೆತ್ತಿದೆನು. ‘ನನಗೂ ನೆನಪದ, ಗುರುಗಳೆ’ ಎಂದನು. ಅದರ ಮೇಲೆ ಏನನ್ನೂ ಸೇರಿಸಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ತುಸು ಹೊತ್ತಿನ ಮೇಲೆ ಅವನೇ ಸನ್ನತಿಯ ಮಾತು ತೆಗೆದನು. ಅಲ್ಲಿಯ ಚಂದ್ರಲಾಂಬೆ ನಮ್ಮ ಮನೆದೇವತೆ. ಆ ಆವರಣದ ಕಾಳಿಯ ಗುಡಿಯ ಮಾಳಿಗೆಯು 1986ರಲ್ಲಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಬ್ರಾಹ್ಮೀಲಿಪಿಯ ಶಾಸನವು ಹೊರಬಿದ್ದಿತು. ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಆ ದೊರೆಯ ಶಿಲ್ಪವೇ, ಹೆಸರನ್ನು ಕೆತ್ತಿದ್ದು, ದೊರೆತಿದೆ. ‘ಸಣ್ಣಂದಿನಿಂದ ನೀವು ಅಶೋಕನ ಕಲ್ಲಿಗೇ ಕೈ ಮುಗದೀರಿ, ಗುರುಗಳೆ’ ಎಂದು ನಕ್ಕನು. ಆ ಗುಡಿಯಲ್ಲಿ ನನ್ನ ಜಾವಳವಾದುದನ್ನು ಅವನಿಗೆ ಹೇಳಿದೆನು.

ತನ್ನ ಓಣಿಯ ಚಿಕ್ಕ ವಿಹಾರದಲ್ಲಿ ಅವನು ಆದಿತ್ಯವಾರ ಮುಂಜಾನೆ ಮಕ್ಕಳಿಗೆ ಪಾಲಿ ಹೇಳಿಕೊಡುತ್ತಾನೆ. ಈಗ ನಾಲ್ಕು ವಾರಗಳಿಂದ ಮೊದಲ ಬಸ್ಸಿಗೆ ನಾನೂ ಹೋಗುತ್ತಿದ್ದೇನೆ. ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ, ಕಾಲನ್ನು ಸಾಧ್ಯವಾದಷ್ಟು ಮಡಿಸಿ ಕುಳಿತುಕೊಳ್ಳುತ್ತೇನೆ. ಸಂಸ್ಕೃತದ ಅಭ್ಯಾಸದಿಂದ ‘ಧರ್ಮ’ ಎಂದು ಎರಡು ಸಲ ತಪ್ಪಿದೆನು. ಒಂಬತ್ತು ವರ್ಷದ ಹುಡುಗಿಯೊಬ್ಬಳು ತಿದ್ದಿದಳು. ಒಯ್ದ ಬಾಳೆಹಣ್ಣನ್ನು ಪಾಠ ಮುಗಿದ ಮೇಲೆ ಮಕ್ಕಳು ಹಂಚಿಕೊಂಡು ತಿನ್ನುತ್ತಾರೆ.